ಬಕ್ಷಾಲೀ ಹಸ್ತಪ್ರತಿಯ ಕಾಲನಿರ್ಣಯವೂ ಪತ್ರಿಕಾ ಪ್ರಕಟಣೆಯೂ

ಕ್ರಿ.ಶ. 2017ರ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ಬೋಡ್ಲಿಯನ್ ಗ್ರಂಥಾಲಯವು ಒಂದು ಪತ್ರಿಕಾ ಪ್ರಕಟಣೆಯನ್ನು ಹೊರಡಿಸಿತು. ತನ್ನಲ್ಲಿರುವ ಬಕ್ಷಾಲೀ ಗಣಿತ ಹಸ್ತಪ್ರತಿಯ ಕೆಲವು ಭಾಗಗಳು ಕ್ರಿ.ಶ. ಮೂರು ಅಥವಾ ನಾಲ್ಕನೆಯ ಶತಮಾನದವೆಂದೂ, ಆದುದರಿಂದ ಇಂದಿನ ಸೊನ್ನೆಯ ಮೂಲವು ಅದುವರೆಗೆ ತಿಳಿದುದಕ್ಕಿಂತ ಕೆಲವು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆಂದೂ ಅದರ ಸಾರ. ಕೆಲವೇ ದಿನಗಳಲ್ಲಿ ಈ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಹರಡಿತು. ವಿಜ್ಞಾನಿಗಳು ತಮ್ಮ ಸಂಶೋಧನೆಯನ್ನು ವೃತ್ತಪತ್ರಿಕೆಗಳ ಮೂಲಕ ಜನರಿಗೆ ತಿಳಿಸುವ ಬಗೆಯನ್ನು ವಿಚಾರಮಾಡುವವರಿಗೆ, ಅದರಲ್ಲೂ ಹಸ್ತಪ್ರತಿಗಳಲ್ಲಿ ವ್ಯವಹರಿಸುವವರಿಗೆ, ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ.

ಈ ಪ್ರತಿಯ ಪೂರ್ವವೃತ್ತಾಂತವು ಅನೇಕ ವಿದ್ವಾಂಸರಿಗೆ ವಿದಿತವೇ ಆಗಿದೆ. 1881ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಮರ್ದಾನ್ ಸಮೀಪದ ಬಕ್ಷಾಲೀ ಎಂಬ ಗ್ರಾಮದಲ್ಲಿ ನೆಲವನ್ನು ಅಗೆಯುವಾಗ ಇದು ಸಿಕ್ಕಿತು. ಶಾರದಾ ಲಿಪಿಯಲ್ಲಿ ಬರೆದ, ಬಹುವಾಗಿ ಶಿಥಿಲವಾದ ಸುಮಾರು 70 ಭೂರ್ಜಪತ್ರಗಳು ಉಳಿದಿವೆ. ರುಡಾಲ್ಫ್ ಹರ್ನ್‌ಲೆ ಇದನ್ನು ಮೊದಲು ಪರಿಶೀಲಿಸಿದನು. 1902ರಲ್ಲಿ ಇದು ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿತು. ಕೃತಿಯು ಮೂರು ಇಲ್ಲವೆ ನಾಲ್ಕನೆಯ ಶತಮಾನದ್ದು, ಈ ಪ್ರತಿ ಮಾತ್ರ ಬಹಳ ಈಚಿನದು ಎಂಬುದು ಹರ್ನ್‌ಲೆಯ ಊಹೆ. ಅನಂತರ ಕೇ ಎಂಬಾತನು ಎಲ್ಲವನ್ನೂ ಹನ್ನೆರಡನೆಯ ಶತಮಾನಕ್ಕೆ ಇಳಿಸಿದನು. 1995ರಲ್ಲಿ ಸಮಗ್ರವಾದ ಸಂಪಾದನೆಯನ್ನು ಹೊರತಂದ ಜಪಾನಿನ ತಕಾವೊ ಹಯಾಶಿ ಅವರು ಭಾಷೆ, ಲಿಪಿ, ಗಣಿತದ ರೀತಿಗಳನ್ನೆಲ್ಲ ತೂಗಿ ಪ್ರತಿಯನ್ನು ಎಂಟರಿಂದ ಹನ್ನೆರಡನೆಯ ಶತಮಾನದೊಳಗೆ ಇಟ್ಟರು.

ಇಂಥ ವಿವಾದವನ್ನು ಇಂಗಾಲ ಪರೀಕ್ಷೆಯಿಂದ ಬಗೆಹರಿಸಲು ಗ್ರಂಥಾಲಯವು ಯತ್ನಿಸಿದುದು ಶ್ಲಾಘ್ಯವೇ ಸರಿ. ಜೀವವಿರುವ ಗಿಡಮರಗಳು ವಾಯುವಿನಿಂದ ಇಂಗಾಲವನ್ನು ಹೀರುತ್ತಿರುತ್ತವೆ. ಆ ಹೀರುವಿಕೆ ನಿಂತ ಮೇಲೆ ಅದರಲ್ಲಿನ ವಿಕಿರಣಶೀಲ ಅಂಶವು ಸುಮಾರು 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ವಸ್ತುವಿನ ವಯಸ್ಸು ತಿಳಿಯುತ್ತದೆ. ಮೂರು ಪತ್ರಗಳಿಂದ ಸೂಕ್ಷ್ಮವಾದ ತುಣುಕುಗಳನ್ನು ತೆಗೆದು ಪರೀಕ್ಷಿಸಲಾಯಿತು. 16ನೆಯ ಪತ್ರಕ್ಕೆ ಕ್ರಿ.ಶ. 224-383, 17ನೆಯದಕ್ಕೆ 680-779, 33ನೆಯದಕ್ಕೆ 885-993 ಎಂಬ ಅವಧಿಗಳು ಬಂದುವು. ಒಂದೇ ಗ್ರಂಥದ ಮೂರು ಪತ್ರಗಳ ನಡುವೆ ಐದಾರು ನೂರು ವರ್ಷಗಳ ಅಂತರ!

ಓಲೆಕಟ್ಟುಗಳನ್ನು ಬಿಚ್ಚಿ ನೋಡಿದ ಯಾರಿಗಾದರೂ ಇಲ್ಲಿ ಮೊದಲು ಏಳುವುದು ಸಂತೋಷವಲ್ಲ, ಸಂಶಯ. ಏಕೆಂದರೆ ಪರೀಕ್ಷೆ ಅಳೆದುದು ತೊಗಟೆಯ ವಯಸ್ಸನ್ನು. ತೊಗಟೆಯ ಕಾಲ ಬೇರೆ, ಅದರ ಮೇಲೆ ಲಿಪಿಕಾರನು ಬರೆದ ಕಾಲ ಬೇರೆ, ಕೃತಿಕಾರನು ಕೃತಿಯನ್ನು ರಚಿಸಿದ ಕಾಲ ಬೇರೆ, ಕೃತಿಯೊಳಗೆ ಕಾಣುವ ಸೊನ್ನೆಯೆಂಬ ಕಲ್ಪನೆ ಹುಟ್ಟಿದ ಕಾಲ ಮತ್ತೂ ಬೇರೆ. ಈ ನಾಲ್ಕರಲ್ಲಿ ಪ್ರಯೋಗಶಾಲೆಯು ಮೊದಲನೆಯದನ್ನು ಮಾತ್ರ ಹೇಳಬಲ್ಲುದು. ಪತ್ರಿಕೆಗಳ ಶಿರೋನಾಮೆಯಲ್ಲಿ ಕುಳಿತುದು ನಾಲ್ಕನೆಯದು. ನಡುವಣ ಎರಡು ಮೆಟ್ಟಿಲುಗಳು ಮಾಯವಾದುವು. ಇದರ ದೋಷವನ್ನು ಸುದ್ದಿಗಾರರ ಮೇಲೆ ಹೊರಿಸುವುದು ವಾಡಿಕೆ. ಆದರೆ ಇಲ್ಲಿ ಸುದ್ದಿಗಾರನು ಕೈಗೆ ಕೊಟ್ಟುದನ್ನೇ ಅಚ್ಚುಮಾಡಿದನು. ಪತ್ರಗಳು ಕನಿಷ್ಠ ಮೂರು ಕಾಲಗಳವು ಎಂಬ ಮಾತು ಪ್ರಕಟಣೆಯಲ್ಲಿ ಇದ್ದಿತು, ನಿಜ. ಅತ್ಯಂತ ಹಳೆಯ ಪತ್ರದ ಕಾಲವನ್ನು ಸೊನ್ನೆಯ ಕಾಲವಾಗಿ ಮೊದಲ ವಾಕ್ಯದಲ್ಲಿ ಏರಿಸಿ ಕೂರಿಸಿದ ಮೇಲೆ ಕೆಳಗಿನ ವಿವರಣೆಯನ್ನು ಓದುವವರಾರು?

ಅದೇ ವರ್ಷ ಕಿಮ್ ಪ್ಲಾಫ್ಕರ್, ಅಗಾಥ್ ಕೆಲ್ಲರ್, ಹಯಾಶಿ, ಕ್ಲೆಮೆನ್ಸಿ ಮಾಂಟೆಲ್, ಡೊಮಿನಿಕ್ ವುಯಾಸ್ಟಿಕ್ ಎಂಬ ಐವರು ವಿದ್ವಾಂಸರು ಸೇರಿ ಒಂದು ಉತ್ತರವನ್ನು ಪ್ರಕಟಿಸಿದರು. ಅವರ ಯುಕ್ತಿ ಹಸ್ತಪ್ರತಿಶಾಸ್ತ್ರದ ಯುಕ್ತಿ. ಪ್ರತಿಯ ಬರವಣಿಗೆ ಮತ್ತು ವಿಷಯಗಳ ಏಕರೂಪತೆಯನ್ನು ನೋಡಿದರೆ ಇದು ಒಂದು ಅಖಂಡವಾದ ಗಣಿತಗ್ರಂಥ. ಮೂರು ಯುಗಗಳ ಹರಕುಗಳ ಕಂತೆಯಲ್ಲ. 16 ಮತ್ತು 17ನೆಯ ಪತ್ರಗಳ ಕೈಬರಹವನ್ನು ನೂರಾರು ವರ್ಷ ಅಂತರದ ಇಬ್ಬರಿಗೆ ಹಂಚುವುದು ಅಸಾಧ್ಯ. ಹಾಗಾಗಿ ಪತ್ರಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದೇ ಬರವಣಿಗೆಯ ಕಾಲದ ಮೇಲ್ಮಿತಿಯನ್ನು ಗೊತ್ತುಮಾಡುತ್ತದೆ. ಹಳೆಯ ಎಲೆಯ ಮೇಲೆ ಹೊಸಬನು ಬರೆಯಬಲ್ಲನು, ಹೊಸ ಎಲೆಯ ಮೇಲೆ ಹಳಬನು ಬರೆಯಲಾರನು. ಇದಲ್ಲದೆ, ಈ ಪ್ರತಿಯಲ್ಲಿನ ಬಿಂದುವು ಕೇವಲ ಸ್ಥಾನವನ್ನು ತುಂಬುವ ಗುರುತೆಂಬ ಪ್ರಕಟಣೆಯ ಮಾತನ್ನೂ ಅವರು ಒಪ್ಪಲಿಲ್ಲ. ಲೆಕ್ಕಗಳಲ್ಲಿ ಸೊನ್ನೆಯು ಸಂಖ್ಯೆಯಾಗಿಯೇ ವ್ಯವಹರಿಸುತ್ತದೆಂದು ತೋರಿಸಿದರು. ಗ್ರಂಥವನ್ನು ಓದಬಲ್ಲವರನ್ನು ಮುಂಚಿತವಾಗಿ ಕೇಳಿದ್ದರೆ ಈ ಎರಡು ತೊಡಕುಗಳೂ ಮನೆಯೊಳಗೇ ಬಗೆಹರಿಯುತ್ತಿದ್ದುವು.

ಆ ಉತ್ತರದ ಅತ್ಯಂತ ಗಮನಾರ್ಹವಾದ ಭಾಗವೆಂದರೆ ರೀತಿಯ ಬಗೆಗಿನ ಆಕ್ಷೇಪ. ಫಲಿತಾಂಶಗಳನ್ನು ತಿಂಗಳುಗಟ್ಟಲೆ ಗುಟ್ಟಾಗಿರಿಸಿ, ವಿದ್ವಾಂಸರ ಪರಿಶೀಲನೆಗೆ ಒಡ್ಡುವ ಲೇಖನವನ್ನು ಬಿಟ್ಟು, ಪತ್ರಿಕಾ ಪ್ರಕಟಣೆ ಮತ್ತು ಚಲಚ್ಚಿತ್ರ ತುಣುಕುಗಳ ಮೂಲಕವೇ ಮೊದಲು ಲೋಕಕ್ಕೆ ತಿಳಿಸಿದುದು ಅವರಿಗೆ ಸರಿಕಾಣಲಿಲ್ಲ. ಅದೇ ಅಕ್ಟೋಬರ್ 4ರಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ವಿಜ್ಞಾನದ ಪ್ರದರ್ಶನವೊಂದು ಆರಂಭವಾಗಲಿದ್ದು, ಈ ಪ್ರತಿಯ ಪತ್ರವೊಂದು ಅಲ್ಲಿ ಪ್ರದರ್ಶಿತವಾಗುವುದಿತ್ತು. ಪ್ರದರ್ಶನಕ್ಕೆ ದಿನ ಗೊತ್ತಾಗಿರುತ್ತದೆ; ಸಂಶಯಕ್ಕೆ ಹಾಗೆ ದಿನ ಗೊತ್ತಿರುವುದಿಲ್ಲ. 2024ರಲ್ಲಿ ಹೊರಬಂದ ಮರುಪರೀಕ್ಷೆಯು ಪ್ರತಿಯನ್ನು ಸ್ಥೂಲವಾಗಿ ಒಂಬತ್ತನೆಯ ಶತಮಾನದಿಂದ ಹನ್ನೆರಡರ ಆರಂಭದೊಳಗೆ ತಂದು ನಿಲ್ಲಿಸಿತು. ಇದು ಹಯಾಶಿ ಅವರು ಕಣ್ಣಿನಿಂದಲೂ ವ್ಯಾಕರಣದಿಂದಲೂ ಕಂಡಿದ್ದ ಕಾಲಕ್ಕೆ ಹೊಂದುತ್ತದೆ. ಈ ಎರಡನೆಯ ಸುದ್ದಿಯು ಮೊದಲನೆಯದರ ಹತ್ತರಲ್ಲೊಂದು ಪಾಲೂ ಸದ್ದುಮಾಡಲಿಲ್ಲ.

ಹಾಗೆಂದು ವಿದ್ವಾಂಸರು ಪತ್ರಿಕೆಗಳಿಂದ ದೂರ ಸರಿಯಬೇಕೆಂದಲ್ಲ. ಪ್ರಕಟಣೆಯಲ್ಲಿ ಯಾವ ಪತ್ರದ ಯಾವ ಭಾಗದಿಂದ ತುಣುಕನ್ನು ತೆಗೆದರು, ಅವಧಿಯ ಎರಡು ಕೊನೆಗಳಾವುವು, ಅಳೆದುದು ಏನನ್ನು ಎಂಬ ಮೂರು ವಾಕ್ಯಗಳು ಮೊದಲ ಕಂಡಿಕೆಯಲ್ಲೇ ಇದ್ದರೆ ಸಾಕು. ಕತ್ತರಿಸುವ ಉಪಸಂಪಾದಕನು ಕೆಳಗಿನಿಂದ ಕತ್ತರಿಸುತ್ತಾನೆ, ಮೇಲಿನಿಂದಲ್ಲ.

ಈ ಪ್ರಸಂಗವು ಜೈನ ಗ್ರಂಥಗಳ ಅಧ್ಯಯನಕ್ಕೂ ಹೊರತಾದುದಲ್ಲ. ಸೊನ್ನೆಯ ಪ್ರಾಚೀನತೆಯ ಮಾತು ಬಂದಾಗಲೆಲ್ಲ ‘ಲೋಕವಿಭಾಗ’ದ ಶಕ ವರ್ಷ 380, ಅಂದರೆ ಕ್ರಿ.ಶ. 458, ಉದಾಹೃತವಾಗುತ್ತದೆ. ಸಂಖ್ಯೆಗಳನ್ನು ಸ್ಥಾನಕ್ರಮದಲ್ಲಿ ಪದಗಳಿಂದ ಹೇಳುವಾಗ ಅಲ್ಲಿ ಶೂನ್ಯವಾಚಕಗಳು ಬರುತ್ತವೆಂಬುದು ಸತ್ಯ. ಆದರೆ ಆ ವರ್ಷವು ಸರ್ವನಂದಿಯ ಮೂಲಕೃತಿಗೆ ಸಲ್ಲುವುದು. ಈಗ ದೊರೆತಿರುವುದು ಸಿಂಹಸೂರಿಯು ಅದನ್ನು ಆಧರಿಸಿ ಮಾಡಿದ ಸಂಸ್ಕೃತ ರೂಪ. ಮೂಲದಲ್ಲಿದ್ದ ಸಂಖ್ಯಾಪದಗಳೇ ಇವು ಎಂಬುದನ್ನು ಬೇರೆಯಾಗಿ ಸಾಧಿಸಬೇಕು. ಸುದ್ದಿಗಾರನೊಬ್ಬನು ಬಂದು ಕೇಳಿದಾಗ ವರ್ಷವನ್ನಷ್ಟೇ ಹೇಳಿ, ಸಿಂಹಸೂರಿಯ ಹೆಸರನ್ನು ಬಿಟ್ಟು ಕಳುಹಿಸಿದರೆ, ಬೋಡ್ಲಿಯನ್ನಿನ ಪ್ರಕಟಣೆಗೂ ಆ ಉತ್ತರಕ್ಕೂ ಭೇದವಿರುವುದಿಲ್ಲ.