ಹೆಸರು ಹೇಳುವಾಗ ತಡೆಯುವ ನಾಲಿಗೆ

ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ವಚನಗಳನ್ನು ನಿರರ್ಗಳವಾಗಿ ಹಾಡುತ್ತಿದ್ದ ತರುಣನೊಬ್ಬ, ಹಾಡು ಮುಗಿದ ಮೇಲೆ ಹಿರಿಯರು ‘ನಿನ್ನ ಹೆಸರೇನಪ್ಪಾ?’ ಎಂದು ಕೇಳಿದರೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದ. ಮೊದಲಕ್ಷರದಲ್ಲಿಯೇ ತುಟಿ ಬಿಗಿದುಕೊಳ್ಳುತ್ತಿತ್ತು. ಆತನ ಊರು ಗೌನಿಪಲ್ಲಿ. ಶ್ರೀನಿವಾಸಪುರದಿಂದ ಊರಿಗೆ ಮರಳುವಾಗ ಬಸ್ಸಿನಲ್ಲಿ ಊರಿನ ಹೆಸರಿನ ಗಕಾರ ಹೊರಡದೆ, ನಾಲಿಗೆಗೆ ಸುಲಭವಾದ ಮುಂದಿನ ಊರಿಗೆ ಟಿಕೆಟ್ ಪಡೆದು ಗೌನಿಪಲ್ಲಿಯಲ್ಲಿಯೇ ಇಳಿದುಕೊಳ್ಳುತ್ತಿದ್ದನಂತೆ. ವರ್ಷಗಟ್ಟಲೆ ಹೀಗೆ ಹೆಚ್ಚಿನ ಹಣ ತೆತ್ತದ್ದು ಮನೆಯವರಿಗೂ ತಿಳಿದಿರಲಿಲ್ಲ.

ಉಗ್ಗು ಎಂದರೆ ಇಷ್ಟೇ ಅಲ್ಲವೇ ಎಂದು ನಾವು ಬಹುಕಾಲ ತಿಳಿದಿದ್ದೆವು: ಅಕ್ಷರ ಮರುಕಳಿಸುವುದು, ಎಳೆದುಕೊಳ್ಳುವುದು, ದನಿಯೇ ನಿಂತುಹೋಗುವುದು. ಅದು ಹೊರಗೆ ಕಾಣುವ ಭಾಗ. ಉಗ್ಗು ಬಾರದಂತೆ ಮಾಡಲು ಪದ ಬದಲಿಸುವುದು, ಮಾತು ನುಂಗುವುದು, ಜನರಿಂದ ತಪ್ಪಿಸಿಕೊಳ್ಳುವುದು ಒಳಗಿನ ಭಾಗ. ಬದುಕನ್ನು ಕಿರಿದಾಗಿಸುವುದು ಇದೇ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ, ಕಫದೊಡನೆ ಕೂಡಿದ ವಾಯುವು ಶಬ್ದವಾಹಿನಿ ಧಮನಿಗಳನ್ನು ಆವರಿಸಿದಾಗ ಮೂಕ, ಮಿನ್ಮಿಣ, ಗದ್ಗದ ಎಂಬ ವಾಗ್ದೋಷಗಳು ಉಂಟಾಗುವುವೆಂದು ಹೇಳಿದೆ. ವಾಕ್ಪ್ರವೃತ್ತಿಯು ಉದಾನ ವಾಯುವಿನ ಕಾರ್ಯ. ಈ ಆಧಾರದ ಮೇಲೆ ನಾವು ಆ ಹುಡುಗನಿಗೆ ಬಾಲ್ಯದಲ್ಲಿ ಬ್ರಾಹ್ಮೀಘೃತವನ್ನೂ ಬಜೆಯನ್ನೂ ಕೊಟ್ಟಿದ್ದೆವು. ‘ನಿಧಾನವಾಗಿ ಮಾತಾಡು, ಉಸಿರೆಳೆದುಕೊಂಡು ಮಾತಾಡು’ ಎಂದು ಪ್ರತಿ ಭೇಟಿಯಲ್ಲಿಯೂ ಉಪದೇಶಿಸಿದ್ದೆವು. ದೊಡ್ಡವನಾದ ಮೇಲೆ ಆತ ನಮಗೆ ಹೇಳಿದ: ‘ಸರಿಯಾಗಿ ಬರುವುದಾದರೆ ಮಾತ್ರ ಬಾಯಿ ತೆರೆಯಬೇಕೆಂದು ನಾನು ಕಲಿತದ್ದು ನಿಮ್ಮಿಂದಲೇ.’ ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಔಷಧಿಯಿಂದ ನಿದ್ರೆ, ಜೀರ್ಣಶಕ್ತಿ, ಮನಸ್ಸಿನ ಸ್ಥೈರ್ಯ ಸುಧಾರಿಸಬಹುದು. ಉಗ್ಗನ್ನು ಬುಡಸಮೇತ ಕಿತ್ತೊಗೆಯುವ ಚೂರ್ಣವನ್ನು ನಾವಂತೂ ಕಂಡಿಲ್ಲ. ಬಜೆಯನ್ನು ತೇಯ್ದು ಮಗುವಿನ ನಾಲಿಗೆಗೆ ಹಚ್ಚುವ ರೂಢಿ ನಮ್ಮ ಸೀಮೆಯಲ್ಲಿದೆ. ಅದರಲ್ಲಿರುವ ಅಸರೋನ್ ಎಂಬ ಅಂಶವು ಹೆಚ್ಚಾದರೆ ಹಾನಿಕರ. ವೈದ್ಯರನ್ನು ಕೇಳದೆ ಹಚ್ಚಬೇಡಿರಿ.

ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಹೋಗುತ್ತದೆಂಬ ನಂಬಿಕೆಯೂ ಉಂಟು. 1841ರಲ್ಲಿ ಬರ್ಲಿನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಡೀಫೆನ್‌ಬಾಖ್ ನಾಲಿಗೆಯನ್ನೇ ಕೊಯ್ದು ನೋಡಿದ. ಉಗ್ಗಿನ ಮೂಲ ನಾಲಿಗೆಯಲ್ಲಿಲ್ಲ; ಮಾತಿನ ಗತಿಯನ್ನು ಹೊಂದಿಸುವ ಮೆದುಳಿನ ವ್ಯವಸ್ಥೆಯಲ್ಲಿದೆ. ಅನೇಕ ವೇಳೆ ವಂಶದಲ್ಲಿ ಹರಿದು ಬರುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಆಂಧ್ರದ ಗಡಿಗಂಟಿದ ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ‘ಎರಡು ಭಾಷೆ ಬೆರೆತು ಮಗು ಉಗ್ಗುತ್ತದೆ’ ಎನ್ನುವವರಿದ್ದಾರೆ. ಅದು ಕೂಡ ನಿಜವಲ್ಲ.

ಹಾಗಿದ್ದರೆ ಹಾಡುವಾಗ ಏಕೆ ಬಾರದು? ಹಾಡಿನಲ್ಲಿ ಲಯವು ಮೊದಲೇ ಸಿದ್ಧವಾಗಿರುತ್ತದೆ, ಪದಗಳು ಕಂಠಸ್ಥವಾಗಿರುತ್ತವೆ. ಸಾಮೂಹಿಕ ಪ್ರಾರ್ಥನೆಯಲ್ಲಿ ಹತ್ತು ಜನರೊಡನೆ ದನಿಗೂಡಿಸುವಾಗಲೂ ಉಗ್ಗು ಬಹುಮಟ್ಟಿಗೆ ಮಾಯವಾಗುತ್ತದೆ. ಸ್ವಂತ ಹೆಸರಿಗೆ ಮಾತ್ರ ಪರ್ಯಾಯ ಪದವಿಲ್ಲ. ‘ನೀರು’ ಬಾರದಿದ್ದರೆ ‘ಕುಡಿಯಲು ಕೊಡಿ’ ಎನ್ನಬಹುದು. ಹೆಸರನ್ನು ಹೇಗೆ ಬದಲಿಸುವುದು? ಕೇಳಿದವರು ತಕ್ಷಣ ಉತ್ತರ ನಿರೀಕ್ಷಿಸುತ್ತಾರೆ; ತಡವಾದರೆ ‘ಹೆಸರೇ ಮರೆತುಹೋಯಿತೇ?’ ಎಂದು ನಗುತ್ತಾರೆ. ಆ ನಗೆ ಮುಂದಿನ ಬಾರಿಯ ಬಿಗಿತವನ್ನು ಹೆಚ್ಚಿಸುತ್ತದೆ.

ಪರಿಚಯ ಹೇಳುವಾಗ ಮೊದಲಕ್ಷರವನ್ನು ಬಲದಿಂದ ತಳ್ಳಬಾರದು. ಉಸಿರು ಸಹಜವಾಗಿ ಹೊರಹೊಮ್ಮುತ್ತಿರುವಾಗ ತುಟಿ ನಾಲಿಗೆಗಳನ್ನು ಹಗುರವಾಗಿ ಮುಟ್ಟಿಸಿ ಅಕ್ಷರವನ್ನು ತುಸು ಎಳೆಯಬೇಕು. ಸಿಕ್ಕಿಕೊಂಡರೆ ಅಲ್ಲಿಂದ ಓಡಬಾರದು. ಬಿಗಿದ ಜಾಗ ಯಾವುದೆಂದು ಗಮನಿಸಿ ಸಡಿಲಿಸುತ್ತ ಅದೇ ಪದವನ್ನು ಮುಗಿಸಬೇಕು. ತಾವೂ ಉಗ್ಗುತ್ತಿದ್ದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಅವರು ಬೆಳೆಸಿದ ಪದ್ಧತಿಯಿದು. ಬೇಕೆಂದೇ ಸಲೀಸಾಗಿ ಉಗ್ಗಿ ನೋಡುವ ಅಭ್ಯಾಸವೂ ಅದರಲ್ಲಿದೆ. ಕೇಳಲು ವಿಚಿತ್ರ, ಆದರೆ ಭಯದ ಹಲ್ಲು ಕಿತ್ತಂತಾಗುತ್ತದೆ.

ದೂರವಾಣಿಯೇ ಎಲ್ಲಕ್ಕಿಂತ ಕಠಿಣ. ಮುಖ ಕಾಣದು, ಮೌನವನ್ನು ಆ ಕಡೆಯವರು ‘ಲೈನ್ ಹೋಯಿತು’ ಎಂದು ತಿಳಿದು ಇಟ್ಟುಬಿಡುತ್ತಾರೆ. ನಮ್ಮ ತರುಣ ಕೋಲಾರದ ಮಂಡಿಗೆ ಟೊಮೆಟೊ ಧಾರಣೆ ಕೇಳಲು ಕೂಡ ತಂದೆಯ ಕೈಗೆ ಮೊಬೈಲ್ ಕೊಡುತ್ತಿದ್ದ. ಈಗ ಹೇಳಬೇಕಾದ ಎರಡು ಅಂಶ ಬರೆದಿಟ್ಟುಕೊಂಡು, ಕರೆ ಹೋದೊಡನೆ ‘ನಾನು ಸ್ವಲ್ಪ ಉಗ್ಗುತ್ತೇನೆ, ಲೈನಿನಲ್ಲಿರಿ’ ಎನ್ನುತ್ತಾನೆ. ಆ ವಾಕ್ಯದಲ್ಲೇ ಉಗ್ಗಿದರೂ ಚಿಂತೆಯಿಲ್ಲ, ವಿಷಯ ಅರ್ಥವಾಗುತ್ತದೆ. ದಿನಕ್ಕೊಂದು ಸಣ್ಣ ಕರೆ, ಮೊದಲು ಪರಿಚಿತರಿಗೆ, ಅನಂತರ ಅಂಗಡಿಗೆ. ಅಭ್ಯಾಸ ಹೀಗೆ ಬೆಳೆಯಲಿ.

ನರಸಾಪುರ, ಮಾಲೂರಿನ ಕಾರ್ಖಾನೆಗಳ ಸಂದರ್ಶನಕ್ಕೆ ಹೋಗುವ ಮಕ್ಕಳಿಗೂ ಇದನ್ನೇ ಹೇಳುತ್ತೇವೆ. ಆರಂಭದಲ್ಲಿಯೇ ಉಗ್ಗಿನ ವಿಷಯ ತಿಳಿಸಿಬಿಡಿ, ಕ್ಷಮೆ ಕೇಳಬೇಡಿ. ಮುಚ್ಚಿಡುವ ಶ್ರಮ ಉಳಿದರೆ ಪ್ರಶ್ನೆಗೆ ಉತ್ತರ ಯೋಚಿಸಲು ಮನಸ್ಸು ಬಿಡುವಾಗುತ್ತದೆ. ತರಗತಿಯಲ್ಲಿ ವಿಷಯ ಮಂಡಿಸುವವರು ಹಿಂದಿನ ದಿನ ಗಟ್ಟಿಯಾಗಿ ಓದಿಕೊಳ್ಳಲಿ, ವಾಕ್ಯಗಳ ನಡುವೆ ನಿಲ್ಲಲಿ. ಪದಕ್ಕೆ ಪದ ಬಾಯಿಪಾಠ ಮಾಡಿದರೆ ಒಂದು ಕಡೆ ತಡೆದಾಗ ಎಲ್ಲವೂ ಕುಸಿಯುತ್ತದೆ.

ಮನೆಯವರಿಗೆ ಒಂದು ವಿನಂತಿ. ಅವರ ಮಾತನ್ನು ನೀವು ಪೂರ್ತಿ ಮಾಡಬೇಡಿರಿ. ಕಣ್ಣು ತಪ್ಪಿಸಬೇಡಿರಿ. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಕಾಯುವಷ್ಟು ಹೊತ್ತು ಕಾಯ್ದರೆ ಸಾಕು.

ಮಕ್ಕಳಲ್ಲಿ ಇದು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ತಾನಾಗಿಯೇ ಶಮನವಾಗುತ್ತದೆ. ಆರು ತಿಂಗಳು ಮೀರಿದರೆ, ಮಾತನಾಡುವಾಗ ಮುಖ ಕುತ್ತಿಗೆಗಳು ಬಿಗಿಯುತ್ತಿದ್ದರೆ, ಅಥವಾ ಮನೆತನದಲ್ಲಿ ಉಗ್ಗು ಇದ್ದರೆ ತಡಮಾಡದೆ ವಾಕ್ ಚಿಕಿತ್ಸಕರಲ್ಲಿಗೆ ಕರೆದೊಯ್ಯಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿಷಯದಲ್ಲಿ ನಾಡಿನ ಹಿರಿಯ ಕೇಂದ್ರ. ವಯಸ್ಕರಿಗೂ ಅಲ್ಲಿ ಚಿಕಿತ್ಸೆಯುಂಟು. ನಾವು ಆ ತರುಣನನ್ನು ಕಳುಹಿಸಿದ್ದು ಅಲ್ಲಿಗೇ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಹತ್ತು ವರ್ಷ ಮೊದಲೇ ಕಳುಹಿಸಬೇಕಿತ್ತು.

ಉಗ್ಗು ಹೋಗಿಲ್ಲ. ಟಿಕೆಟ್ ಮಾತ್ರ ಈಗ ಗೌನಿಪಲ್ಲಿಗೇ ಕೇಳುತ್ತಾನೆ. ಕೆಲವು ದಿನ ಕಂಡಕ್ಟರು ಕಾಯಬೇಕಾಗುತ್ತದೆ, ಕಾಯುತ್ತಾರೆ ಎಂದು ಕಳೆದ ತಿಂಗಳು ಹೇಳಿದ.