ಚಿನ್ನ, ಬೆಳಕು ಮತ್ತು ಬಾದಾಮಿಯ ಪರಿಮಳ

ದೀಪಾವಳಿ ಬಂತೆಂದರೆ ನಮ್ಮ ಮನೆಗಳಲ್ಲಿ ಚಿನ್ನದ ಮಾತೂ ಇರುತ್ತದೆ, ದೀಪದ ಬೆಳಕೂ ಇರುತ್ತದೆ. ಇವೆರಡೂ ಪ್ರಯೋಗಾಲಯದಲ್ಲಿ ಜೊತೆಗೂಡಿದರೆ ಏನಾಗುತ್ತದೆ ಗೊತ್ತೇ? ಡಾಕ್ಟರಿಗೇಕೆ ಕೆಮಿಸ್ಟ್ರಿಯ ಉಸಾಬರಿ ಎನ್ನಬೇಡಿ, ಕಾರಣವಿದೆ.

ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಎಂದರೆ ಬರೀ ಮದ್ಯವಲ್ಲ, ಅದೊಂದು ದೊಡ್ಡ ಕುಟುಂಬ. ಅದರಲ್ಲೊಂದು ಬೆಂಜೈಲ್ ಆಲ್ಕೋಹಾಲ್. ಅದರಿಂದ ಎರಡು ಜಲಜನಕದ ಪರಮಾಣುಗಳನ್ನು ತೆಗೆದರೆ ಬೆಂಜಾಲ್ಡಿಹೈಡ್, ಅಂದರೆ ಕಹಿ ಬಾದಾಮಿಯ ಪರಿಮಳ! ಸುಗಂಧ, ಔಷಧಿ, ಬಣ್ಣಗಳ ತಯಾರಿಕೆಗೆ ಇದು ಬೇಕು. ಇಂಥದೇ ಕೆಲಸವನ್ನು ನಮ್ಮ ಯಕೃತ್ತಿನ ಕಿಣ್ವ 37 ಡಿಗ್ರಿಯಲ್ಲಿ ಸದ್ದಿಲ್ಲದೆ ಮಾಡುತ್ತದೆ. ರಸಾಯನಶಾಸ್ತ್ರಜ್ಞರು ಮಾತ್ರ ಬಹುಕಾಲ ಷಡ್ವೇಲೆನ್ಸಿಯ ಕ್ರೋಮಿಯಂ ಲವಣಗಳನ್ನು ನೆಚ್ಚಿಕೊಂಡಿದ್ದರು. ಅದು ಕೈಗೆ ಹುಣ್ಣು, ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲ ವಿಷ. ನಾನು ಹೌಸ್ ಸರ್ಜನ್ ಆಗಿದ್ದಾಗ ಕ್ರೋಮ್ ಲೇಪನದ ಕಾರ್ಮಿಕನೊಬ್ಬನ ಮೂಗಿನ ನಡುಗೋಡೆ ತೂತಾಗಿದ್ದುದನ್ನು ಕಂಡೆ. ನೋವಿಲ್ಲದ್ದರಿಂದ ಆತ ವರ್ಷಗಟ್ಟಲೆ ಯಾರಿಗೂ ತೋರಿಸಿರಲಿಲ್ಲ. ಅವನ ಕೆಲಸ ಬೇರೆ, ವಿಷ ಅದೇ.

ಚಿನ್ನಕ್ಕೆ ತುಕ್ಕಿಲ್ಲ, ಅಜ್ಜಿಯ ಬಳೆ ಮೊಮ್ಮಗಳ ಕೈಯಲ್ಲೂ ಹೊಳೆಯುತ್ತದೆ. ಆದರೆ ಅದನ್ನೇ ಕೆಲವು ನ್ಯಾನೋಮೀಟರ್‌ಗಳಷ್ಟು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಕೆಲವು ಪಾಲಿನಷ್ಟು, ಪುಡಿಮಾಡಿದರೆ ಸ್ವಭಾವವೇ ಬದಲು! ಲೋಹದ ಆಕ್ಸೈಡಿನ ಮೇಲೆ ಕೂರಿಸಿದ ಇಂಥ ಕಣಗಳು ಮೈನಸ್ 70 ಡಿಗ್ರಿಯಲ್ಲೂ ಕಾರ್ಬನ್ ಮಾನಾಕ್ಸೈಡನ್ನು ಉತ್ಕರ್ಷಿಸುತ್ತವೆಂದು ಜಪಾನಿನ ಮಸಾಟಾಕೆ ಹರುಟಾ 1987ರಲ್ಲಿ ತೋರಿಸಿದರು. ಆಕ್ಸೈಡಿನ ಆಸರೆ ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ.

ಇನ್ನು ಬೆಳಕು. ನಮ್ಮ ಈ ಬ್ರಿಟನ್ನಿನಲ್ಲೇ ಮೈಕೇಲ್ ಫ್ಯಾರಡೆ 1857ರಲ್ಲಿ ನುಣ್ಣನೆಯ ಚಿನ್ನದ ಕಣಗಳ ದ್ರಾವಣ ಮಾಣಿಕ್ಯದಂತೆ ಕೆಂಪಾಗಿರುವುದನ್ನು ವಿವರಿಸಿದರು. ಗರ್ಭ ಪರೀಕ್ಷೆಯ, ಕೋವಿಡ್ ಪರೀಕ್ಷೆಯ ಅನೇಕ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆಯೂ ಇದೇ ಚಿನ್ನ! ಸುಮಾರು 520 ನ್ಯಾನೋಮೀಟರಿನ ಹಸಿರು ಬೆಳಕು ಬಿದ್ದಾಗ, ಹದವರಿತು ನೂಕಿದ ಜೋಕಾಲಿಯಂತೆ ಎಲೆಕ್ಟ್ರಾನುಗಳು ಒಟ್ಟಾಗಿ ತೂಗುತ್ತವೆ. ಇದಕ್ಕೆ ಪ್ಲಾಸ್ಮಾನ್ ಎಂದು ಹೆಸರು.

2012ರಲ್ಲಿ ಜಪಾನಿನ ಕೊಮಿನಾಮಿ ಮತ್ತು ಸಂಗಡಿಗರು ಸೀರಿಯಂ ಆಕ್ಸೈಡಿನ ಮೇಲೆ ಚಿನ್ನ ಕೂರಿಸಿ, ನೀರಿನಲ್ಲಿ ಬೆರೆಸಿ, ಆಮ್ಲಜನಕದ ಜೊತೆ ಹಸಿರು ಬೆಳಕು ಹಾಯಿಸಿದರು. ಬೆಂಜೈಲ್ ಆಲ್ಕೋಹಾಲ್ ಬೆಂಜಾಲ್ಡಿಹೈಡ್ ಆಯಿತು, ಕ್ರೋಮಿಯಂ ಬೇಕಾಗಲಿಲ್ಲ. ಅವರ ವಿವರಣೆಯಂತೆ ಎಲೆಕ್ಟ್ರಾನ್ ಚಿನ್ನದಿಂದ ಆಕ್ಸೈಡಿಗೆ, ಅಲ್ಲಿಂದ ಆಮ್ಲಜನಕಕ್ಕೆ ಹೋಗುತ್ತದೆ. ಆ ಕೊರತೆಯನ್ನು ಚಿನ್ನ ಆಲ್ಕೋಹಾಲಿನಿಂದ ತುಂಬಿಕೊಳ್ಳುತ್ತದೆ. ಇಂಥ ಕ್ರಿಯೆಗಳಲ್ಲಿ ಎಲೆಕ್ಟ್ರಾನಿನ ಪಾಲೆಷ್ಟು, ಬೆಳಕು ತಂದ ಬಿಸಿಯ ಪಾಲೆಷ್ಟು ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ದೊಡ್ಡ ತೊಟ್ಟಿಯ ತಳದವರೆಗೆ ಬೆಳಕು ಮುಟ್ಟಿಸುವುದೂ ಸುಲಭವಲ್ಲ. ಆದರೂ ಕಾರ್ಮಿಕನ ಮೂಗಿಗೂ ಊರಿನ ನೀರಿಗೂ ಕೇಡು ತರದ ದಾರಿ ಇದು. ಕೆಮಿಸ್ಟ್ರಿ ಬೇಜಾರು ಎನ್ನುವ ನಿಮ್ಮ ಮಕ್ಕಳಿಗೆ ಈ ಕಥೆ ಹೇಳಿ. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು!