ಆಯ ತಪ್ಪದ ಸವಾರಿ

ಡಾಂಬರು ಮುಗಿದು ಗರಸಿನ ನೆಲ ಆರಂಭವಾಗುವಲ್ಲಿ ಮೋಟಾರ್‌ಸೈಕಲ್ ಸವಾರಿಯ ಅನೇಕ ನಿಯಮಗಳು ತಲೆಕೆಳಗಾಗುತ್ತವೆ. ರಸ್ತೆಯ ಮೇಲೆ ಕುಳಿತು ಓಡಿಸುವವನು ಅಲ್ಲಿ ಎದ್ದು ನಿಲ್ಲಬೇಕು. ತಿರುವಿನಲ್ಲಿ ಬೈಕಿನೊಡನೆ ಒಳಕ್ಕೆ ವಾಲುತ್ತಿದ್ದವನು ಹೊರಕ್ಕೆ ವಾಲಬೇಕು. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದ ಕೈ ಸಡಿಲಾಗಬೇಕು. ಇನ್ನೂರು ಕಿಲೋ ತೂಗುವ ಯಂತ್ರದ ಮೇಲೆ ಇವನ್ನೆಲ್ಲ ಸಾಧಿಸುವ ವಿದ್ಯೆಯನ್ನು, ಅದರ ಕಾರಣಗಳೊಂದಿಗೆ, ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಕನ್ನಡ ವಿಭಾಗದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೇಳಬಹುದು. ನಿಮ್ಮಲ್ಲಿ ಅನೇಕರು ಬೈಕಿನ ಮೇಲೆಯೇ ಕಾಲೇಜಿಗೆ ಬರುವವರು. ರಜೆ ಬಂತೆಂದರೆ ಚೋರ್ಲಾ ಘಾಟು ಇಳಿದು ಗೋವೆಗೆ ಹೋಗುವವರು. ಈ ವಿದ್ಯೆಯ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ. ನಮ್ಮ ಹುಡುಗರು ಮೊಬೈಲಿನ ವಿಡಿಯೋ ನೋಡಿ ಅನುಕರಿಸುತ್ತಾರೆ. ಮಾಡುವುದು ಕಾಣಿಸುತ್ತದೆ, ಏಕೆ ಮಾಡಬೇಕೆಂಬುದು ಕಾಣಿಸುವುದಿಲ್ಲ. ಆ ಅಂತರದಲ್ಲಿ ಕಾಲು ಮುರಿಯುತ್ತದೆ. ಕಾರಣವನ್ನು ಕನ್ನಡದಲ್ಲಿ ಹೇಳಲಾಗದಿದ್ದರೆ ನಾವು ಕಲಿಸುವ ಗದ್ಯಕ್ಕೆ ಏನು ಬೆಲೆ?

ಮೊದಲು ಯಂತ್ರದ ಪರಿಚಯ. ‘ಅಡ್ವೆಂಚರ್’ ಎಂದು ಕರೆಯಲಾಗುವ ಈ ಜಾತಿಯ ಬೈಕು ಹೆದ್ದಾರಿ, ಹಳ್ಳದ ದಾರಿ ಎರಡರಲ್ಲೂ ನಡೆಯಬೇಕೆಂಬ ಆಸೆಯಿಂದ ಹುಟ್ಟಿದ್ದು. ಜರ್ಮನಿಯ ಬಿಎಂಡಬ್ಲ್ಯು 1980ರಲ್ಲಿ ತಂದ ಆರ್ 80 ಜಿ/ಎಸ್ ಇದರ ಮೂಲಪುರುಷ. ಹೆಸರಿನಲ್ಲಿರುವ ಜಿ, ಎಸ್ ಎಂಬ ಎರಡು ಅಕ್ಷರಗಳು ಜರ್ಮನ್ ಭಾಷೆಯಲ್ಲಿ ಕಾಡುನೆಲ ಮತ್ತು ರಸ್ತೆಯನ್ನು ಸೂಚಿಸುತ್ತವೆ. ನಮ್ಮಲ್ಲಿ ಈ ಬಗೆಯನ್ನು ಮಧ್ಯಮವರ್ಗದ ಕೈಗೆಟುಕಿಸಿದ್ದು 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಅದರ ಈಗಿನ 450 ಮಾದರಿ 196 ಕಿಲೋ ತೂಗುತ್ತದೆ. ಮುಂಚಕ್ರ 21 ಇಂಚು, ಹಿಂಚಕ್ರ 17 ಇಂಚು. ಮುಂಚಕ್ರ ದೊಡ್ಡದಾದಷ್ಟೂ ಕಲ್ಲು, ಗುಂಡಿಗಳನ್ನು ಸುಲಭವಾಗಿ ಏರಿ ದಾಟುತ್ತದೆ. ಬಿಎಂಡಬ್ಲ್ಯುವಿನ ದೊಡ್ಡ ಜಿಎಸ್ ಬೈಕುಗಳು ಇನ್ನೂ ನಲವತ್ತು ಕಿಲೋ ಹೆಚ್ಚು.

ಕನ್ನಡ ನಾಡಿಗೆ ಈ ವಿದ್ಯೆ ಅಪರಿಚಿತವಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಾಕರ್ ರ್‍ಯಾಲಿಯನ್ನು 36ನೆಯ ಸ್ಥಾನದಲ್ಲಿ ಮುಗಿಸಿ, ಅದನ್ನು ಪೂರೈಸಿದ ಮೊದಲ ಭಾರತೀಯರಾದರು. ಕೋಲಾರದ ಬಳಿ ಅವರು ಸ್ಥಾಪಿಸಿದ ತರಬೇತಿ ಕೇಂದ್ರದಲ್ಲಿ ಈ ಪಾಠಗಳು ಕ್ರಮಬದ್ಧವಾಗಿ ನಡೆಯುತ್ತವೆ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನ ಮರಳುಗುಡ್ಡಗಳಲ್ಲಿ ಅದೇ ರ್‍ಯಾಲಿಯನ್ನು 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಅವರ ಬೈಕುಗಳು ಸ್ಪರ್ಧೆಗೆಂದೇ ತಯಾರಾದವು, ನಮ್ಮವುಗಳಿಗಿಂತ ಹಗುರ. ಆದರೆ ಮೈ ಕಲಿಯಬೇಕಾದ ಪಾಠ ಒಂದೇ.

ನಾನು ಇದರ ಮೊದಲ ಅಕ್ಷರಗಳನ್ನು ತಿದ್ದಿದ್ದು ಐವತ್ತು ದಾಟಿದ ಮೇಲೆ, ಮ್ಹಾಪಸಾದಲ್ಲಿ. ಬಾರ್ದೇಶ ತಾಲೂಕಿನ ಈ ಪೇಟೆಯ ಸುತ್ತ ಮುತ್ತ ಜಂಬಿಟ್ಟಿಗೆಯ ಎತ್ತರದ ಬಯಲುಗಳಿವೆ. ಕೊಂಕಣಿಯಲ್ಲಿ ಇಂಥ ಬಯಲಿಗೆ ‘ಸಡಾ’ ಎನ್ನುತ್ತಾರೆ. ಅಲ್ಲಿ ಕೆಳಗೆ ಕಲ್ಲಿನಂತೆ ಗಟ್ಟಿಯಾದ ನೆಲ, ಮೇಲೆ ಗುಂಡಗಿನ ಕೆಂಪು ಹರಳು. ಒಣನೆಲದ ಮೇಲೆ ಕಡಲೆ ಚೆಲ್ಲಿದಂತೆ. ಮಳೆ ಬಿದ್ದೊಡನೆ ಅದೇ ನೆಲ ಪಾಚಿಗಟ್ಟಿ ಜಾರುತ್ತದೆ. ಕಲಿಯುವವನಿಗೆ ಇದಕ್ಕಿಂತ ನಿಷ್ಠುರನಾದ ಗುರು ಸಿಗಲಾರ.

ಆದರೆ ಮೊದಲ ಪಾಠಕ್ಕೆ ಸಡಾದವರೆಗೆ ಹೋಗಬೇಕಿಲ್ಲ. ಮ್ಹಾಪಸಾದ ಶುಕ್ರವಾರದ ಸಂತೆಯಂದು ಹಳದಿ ಮಡ್‌ಗಾರ್ಡಿನ ಬೈಕುಗಳಲ್ಲಿ ಬಾಡಿಗೆಗೆ ಜನರನ್ನು ಒಯ್ಯುವ ‘ಪೈಲಟ್’ಗಳನ್ನು ನೋಡಿ. ಹಿಂದೆ ಪ್ರಯಾಣಿಕ, ಅವನ ತೊಡೆಯ ಮೇಲೆ ತರಕಾರಿಯ ಚೀಲ, ಎದುರಿಗೆ ಜನಜಂಗುಳಿ. ನಡೆಯುವವನಿಗಿಂತ ನಿಧಾನವಾಗಿ ಸಾಗಿದರೂ ಪೈಲಟ್ ಕಾಲನ್ನು ನೆಲಕ್ಕೆ ಊರುವುದಿಲ್ಲ. ಅವನು ಮಾಡುವುದಿಷ್ಟೇ: ಕ್ಲಚ್ಚನ್ನು ಅರ್ಧ ಹಿಡಿದು, ಎಕ್ಸಲೇಟರನ್ನು ಒಂದೇ ಮಟ್ಟದಲ್ಲಿ ಇಟ್ಟು, ಹಿಂದಿನ ಬ್ರೇಕನ್ನು ತುಸುವೇ ಒತ್ತಿರುತ್ತಾನೆ. ಎಂಜಿನ್ ಮುಂದಕ್ಕೆ ಎಳೆಯುತ್ತಿರುತ್ತದೆ, ಬ್ರೇಕು ಹಿಂದಕ್ಕೆ. ಈ ಎರಡು ಸೆಳೆತಗಳ ನಡುವೆ ಬೈಕು ಬಿಗಿಯಾಗಿ ನಿಲ್ಲುತ್ತದೆ, ಓಲಾಡುವುದಿಲ್ಲ. ಭಾರದ ಬೈಕಿನ ತರಬೇತಿ ಆರಂಭವಾಗುವುದೂ ಇಲ್ಲಿಂದಲೇ. ವೇಗ ಎಲ್ಲರಿಗೂ ಬರುತ್ತದೆ, ನಿಧಾನವನ್ನೇ ಕಲಿಯಬೇಕು.

ಎರಡನೆಯದು ನಿಲುವು. ಎದ್ದು ನಿಂತರೆ ಭಾರಕೇಂದ್ರ ಕೆಳಗಿಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ, ಎದ್ದು ನಿಂತವನ ಭಾರಕೇಂದ್ರ ಮೇಲಕ್ಕೇ ಹೋಗುತ್ತದೆ. ನಿಜವಾದ ಕಾರಣ ಬೇರೆ. ಕುಳಿತಾಗ ಸವಾರ ಮತ್ತು ಬೈಕು ಸೀಟಿನಲ್ಲಿ ಅಂಟಿಕೊಂಡು ಒಂದೇ ಮುದ್ದೆಯಾಗುತ್ತವೆ. ಚಕ್ರ ಕಲ್ಲಿಗೆ ತಾಗಿ ಪಕ್ಕಕ್ಕೆ ಜಿಗಿದರೆ ಇಡೀ ಮುದ್ದೆ ವಾಲುತ್ತದೆ. ನಿಂತಾಗ ಇಬ್ಬರ ಸಂಬಂಧ ಪಾದದಡಿಯ ಫುಟ್‌ರೆಸ್ಟಿಗೆ ಸೀಮಿತವಾಗುತ್ತದೆ. ಬೈಕು ಕೆಳಗೆ ತನ್ನಷ್ಟಕ್ಕೆ ಕುಣಿಯುತ್ತದೆ, ಮೈ ಮೇಲೆ ನೆಟ್ಟಗಿರುತ್ತದೆ. ಮಡಚಿದ ಮೊಣಕಾಲುಗಳು ನಡುವಿನ ಪೆಟ್ಟನ್ನು ನುಂಗುತ್ತವೆ. ಎತ್ತಿನ ಬಂಡಿಯ ಮೂಕಿಯ ಮೇಲೆ ನಿಂತು ಹೊಡೆಯುವ ರೈತನ ಮೊಣಕಾಲುಗಳನ್ನು ಗಮನಿಸಿದವರಿಗೆ ಇದು ಹೊಸದಲ್ಲ.

ಹೀಗೆ ನಿಂತಾಗ ಮೊಣಕೈಗಳು ಹೊರಚಾಚಿರಬೇಕು, ಗದ್ದ ಎತ್ತಿರಬೇಕು, ಕೈಹಿಡಿತ ಹಗುರವಾಗಿರಬೇಕು. ಎಷ್ಟು ಹಗುರವೆಂದರೆ, ಬಡಿದ ಜೋಳದ ರೊಟ್ಟಿಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕುವ ಕೈಯಷ್ಟು. ಇದಕ್ಕೂ ಕಾರಣವಿದೆ. ಮುಂಚಕ್ರದ ಕವಲು ಹಿಂದಕ್ಕೆ ವಾಲಿರುವ ರಚನೆಯಿಂದಾಗಿ, ಚಲಿಸುತ್ತಿರುವ ಚಕ್ರಕ್ಕೆ ತಾನಾಗಿಯೇ ನೇರಕ್ಕೆ ಮರಳುವ ಗುಣವಿದೆ. ಕಲ್ಲಿಗೆ ತಾಗಿ ಅತ್ತಿತ್ತ ಹೊರಳಿದ ಚಕ್ರ ದಾರಿಗೆ ಬರುವ ಮೊದಲೇ ಹೆದರಿದ ಸವಾರ ಹ್ಯಾಂಡಲನ್ನು ಬಿಗಿಹಿಡಿದರೆ, ಆ ಗುಣವನ್ನು ಅವನೇ ಕೊಂದಂತೆ. ಉಸುಕಿನಲ್ಲಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಹೀಗೆಯೇ.

ನೋಟದ ಬಗ್ಗೆ ಒಂದು ಮಾತು ಸಾಕು. ಗುಂಡಿಯನ್ನೇ ನೋಡುವವನು ಗುಂಡಿಗೇ ಹೋಗುತ್ತಾನೆ. ಕಣ್ಣು ಹೋದತ್ತ ಭುಜ, ಭುಜ ತಿರುಗಿದತ್ತ ಕೈ, ಕೈಯ ಹಿಂದೆ ಬೈಕು.

ಇನ್ನು ತಿರುವು. ಇಲ್ಲಿ ಒಂದು ಭಾಷಾಪ್ರಸಂಗ ಹೇಳದೆ ಮುಂದೆ ಹೋಗಲಾರೆ. ನನ್ನ ಓದು ಅರ್ಧ ಮರಾಠಿ ಶಾಲೆಯಲ್ಲಿ, ಅರ್ಧ ಕನ್ನಡ ಶಾಲೆಯಲ್ಲಿ ಆದದ್ದು. ಬೀಳುವವನ ಬಗ್ಗೆ ಮರಾಠಿಯಲ್ಲಿ ‘ತೋಲ್ ಗೇಲಾ’ ಎನ್ನುತ್ತಾರೆ. ತೋಲವೆಂಬುದು ಅವನನ್ನು ಬಿಟ್ಟು ಹೊರಟುಹೋಯಿತು ಎಂದರ್ಥ. ಕನ್ನಡದಲ್ಲಿ ‘ಆಯ ತಪ್ಪಿ ಬಿದ್ದ’ ಎನ್ನುತ್ತೇವೆ. ಆಯ ಎಲ್ಲಿಗೂ ಹೋಗಿಲ್ಲ, ಇವನೇ ಅದನ್ನು ತಪ್ಪಿದ. ತರಬೇತಿಯ ಮೈದಾನದಲ್ಲಿ ನನಗೆ ಕನ್ನಡದ ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ಜಾರುನೆಲದ ಪ್ರತಿಯೊಂದು ಹಂತದಲ್ಲೂ ಮೈಭಾರವನ್ನು ಇಡಬೇಕಾದ ಒಂದು ಜಾಗವಿರುತ್ತದೆ. ಅದನ್ನು ಹುಡುಕಿಕೊಂಡು ಮೈ ಅಲ್ಲಿಗೆ ಹೋಗಬೇಕು. ನಿಧಾನದ ತಿರುವಿನಲ್ಲಿ ಆ ಜಾಗ ಹೊರಗಿನ ಫುಟ್‌ರೆಸ್ಟು. ಬೈಕನ್ನು ಒಳಕ್ಕೆ ವಾಲಲು ಬಿಟ್ಟು ಸವಾರ ಹೊರಪಾದದ ಮೇಲೆ ನಿಲ್ಲುತ್ತಾನೆ. ಬೈಕು ಹೆಚ್ಚು ವಾಲಿದಷ್ಟೂ ಚಿಕ್ಕ ವೃತ್ತದಲ್ಲಿ ತಿರುಗುತ್ತದೆ. ಟೈರು ತುಸು ಜಾರಿದರೂ ಮೈ ಹೊರಗಡೆ ಇರುವುದರಿಂದ ಅದರೊಂದಿಗೆ ಕುಸಿಯುವುದಿಲ್ಲ. ಆದರೆ ಪಕ್ಕದ ಹಿಡಿತ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ವೇಗ ಮತ್ತು ತಿರುವಿನ ಅಗಲ. ಗರಸಿನಲ್ಲಿ ವೇಗವಾಗಿ ನುಗ್ಗಿದವನನ್ನು ಯಾವ ಭಂಗಿಯೂ ಕಾಯಲಾರದು.

ಬ್ರೇಕಿನ ವಿಷಯದಲ್ಲಿ ಗೊಂದಲ ಹೆಚ್ಚು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಡಾಂಬರಿನ ಮೇಲೆ ಅದು ಪ್ರಾಣರಕ್ಷಕ. ಗರಸಿನಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ಸ್ತಬ್ಧವಾದ ಚಕ್ರ ತನ್ನ ಮುಂದೆ ಹರಳನ್ನು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ. ಚಕ್ರ ಸ್ತಬ್ಧವಾಗಲು ಎಬಿಎಸ್ ಬಿಡದ ಕಾರಣ ಬೈಕು ಇನ್ನಷ್ಟು ದೂರ ಹೋಗುತ್ತದೆ. ಅದಕ್ಕೇ ಈ ಜಾತಿಯ ಅನೇಕ ಬೈಕುಗಳಲ್ಲಿ ಹಿಂಚಕ್ರದ ಎಬಿಎಸ್ ಬಂದ್ ಮಾಡುವ ಸೌಲಭ್ಯವಿದೆ. ಹಿಂಚಕ್ರ ಜಾರಿದರೆ ಸಂಭಾಳಿಸಬಹುದು, ಮುಂಚಕ್ರ ಜಾರಿದರೆ ಸಂಭಾಳಿಸಲು ಸಮಯವೇ ಇರುವುದಿಲ್ಲ. ಆದ್ದರಿಂದ ಮುಂದಿನ ಬ್ರೇಕಿಗೆ ಎರಡೇ ಬೆರಳು, ಅದೂ ಹ್ಯಾಂಡಲ್ ನೇರವಾಗಿದ್ದಾಗ.

ಇಳಿಜಾರಿನಲ್ಲಿ ಮೊದಲ ಗೇರ್ ಇರಲಿ, ಕ್ಲಚ್ ಮುಟ್ಟಬೇಡಿ. ಏರಿನಲ್ಲಿ ಎಂಜಿನ್ ನಿಂತುಹೋದರೂ ಅದೇ ಮಾತು. ಭಾರವೆಲ್ಲ ಹಿಂಚಕ್ರದ ಮೇಲಿರುವಾಗ ಮುಂದಿನ ಬ್ರೇಕೊಂದೇ ಬೈಕನ್ನು ತಡೆಯದು. ಹೆದರಿ ಕ್ಲಚ್ ಹಿಡಿದರೆ ಬೈಕು ಹಿಮ್ಮುಖವಾಗಿ ಉರುಳುತ್ತದೆ. ಕ್ಲಚ್ ಬಿಟ್ಟರೆ, ನಿಂತ ಎಂಜಿನ್ನೇ ಹಿಂಚಕ್ರವನ್ನು ಹಿಡಿದಿಡುತ್ತದೆ.

ಬೀಳುವುದೂ ಪಠ್ಯದ ಭಾಗವೇ. ನಿಂತಲ್ಲೇ ವಾಲತೊಡಗಿದ ಬೈಕನ್ನು ಒಂದು ಮಿತಿಯವರೆಗೆ ಮಾತ್ರ ತಡೆಯಬಹುದು. ಆಮೇಲೆ ಅದನ್ನು ಬಿಟ್ಟು ದೂರ ಸರಿಯಬೇಕು. ಕಾಲು ಕೊಟ್ಟು ತಡೆಯಹೊರಟರೆ 196 ಕಿಲೋ ಕಣಕಾಲಿನ ಮೇಲೆ ಬರುತ್ತದೆ. ಸಾಲ ಮಾಡಿ ಕೊಂಡ ಬೈಕು ಬೀಳುವುದನ್ನು ನೋಡುತ್ತ ನಿಲ್ಲುವುದು ಕಷ್ಟ. ಆದರೆ ಮುರಿದ ಹ್ಯಾಂಡಲ್ ಲಿವರ್ ಅಂಗಡಿಯಲ್ಲಿ ಸಿಗುತ್ತದೆ. ಗಟ್ಟಿ ಬೂಟಿಲ್ಲದೆ ಈ ಅಭ್ಯಾಸಕ್ಕೆ ಇಳಿಯಲೇಬಾರದು.

ಎತ್ತುವುದಕ್ಕೆ ತೋಳ್ಬಲ ಬೇಡ. ಮೊದಲು ಎಂಜಿನ್ ಆರಿಸಿ, ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಎತ್ತುವ ಮುನ್ನವೇ ಹೊರತೆಗೆದಿಡಿ, ಇಲ್ಲವಾದರೆ ಎತ್ತಿದ ಬೈಕು ಆಚೆ ಬದಿಗೆ ಉರುಳುತ್ತದೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂಬದಿಯ ಹಿಡಿಕೆಯನ್ನೂ ಹಿಡಿದು, ಬೆನ್ನು ಬಾಗಿಸದೆ ಕಾಲುಗಳಿಂದ ಒತ್ತುತ್ತ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. ಐವತ್ತು ಕಿಲೋ ತೂಗುವ ಹುಡುಗಿಯೊಬ್ಬಳು ಹೀಗೆ ಎತ್ತಿದ್ದನ್ನು ಕಂಡಿದ್ದೇನೆ.

ಎಲ್ಲಿ ಓಡಿಸಬಾರದು ಎಂಬುದೂ ತಿಳಿದಿರಲಿ. ಗೋವೆಯ ಸಮುದ್ರತೀರದಲ್ಲಿ ವಾಹನ ಇಳಿಸುವುದು ನಿಷಿದ್ಧ. ಚೋರ್ಲಾ ಘಾಟಿನ ಆಸುಪಾಸು ಮಹಾದಾಯಿ ವನ್ಯಧಾಮವಿದೆ. ಸಡಾಗಳ ಮೇಲಿನ ಮಣ್ಣು ಬೆರಳು ದಪ್ಪದ್ದು. ಮಳೆಗಾಲದಲ್ಲಿ ಅದರಲ್ಲೇ ಹೂ ಅರಳುತ್ತದೆ, ಒಮ್ಮೆ ಟೈರು ಕಿತ್ತ ಮಣ್ಣು ಬೇಗ ಮರಳುವುದಿಲ್ಲ. ಈಗಾಗಲೇ ಸವೆದ ಬಂಡಿಜಾಡು, ಅನುಮತಿಯುಳ್ಳ ಮೈದಾನ, ಇಷ್ಟೇ ನಮ್ಮ ಪಾಲಿನದು.

ಕೊನೆಯದು ಗಾಳಿ. ಗರಸಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು 32ರಿಂದ 22 ಪೌಂಡಿನ ಆಸುಪಾಸಿಗೆ ಇಳಿಸುತ್ತಾರೆ. ಆಗ ನೆಲ ಮುಟ್ಟುವ ಟೈರಿನ ಭಾಗ ಸುಮಾರು ಒಂದೂವರೆ ಪಟ್ಟಾಗಿ ಹಿಡಿತ ಹೆಚ್ಚುತ್ತದೆ. ಆದರೆ ಅದೇ ಸಡಿಲ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಹೋದರೆ ಟೈರು ಕಾಯುತ್ತದೆ, ತಿರುವಿನಲ್ಲಿ ತೊನೆಯುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮು ನಗ್ಗುತ್ತದೆ. ಹಿಂದಿರುಗುವಾಗ ಮ್ಹಾಪಸಾ ಪೇಟೆಯಲ್ಲೇ ಗಾಳಿ ತುಂಬಿಸಿಕೊಂಡು ಘಾಟಿನ ಕಡೆ ಹೊರಡಿ.